ಏಳುನೂರು ಬಾಯಿಗಳ ಪೆಟ್ಟಿಗೆ

ಮಾವ ಮೇಜಿನ ಮೇಲಿದ್ದ ಮೂರು ಖಾಲಿ ಲೋಹದ ಪೆಟ್ಟಿಗೆಗಳಲ್ಲಿ ಎರಡನೆಯದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಟಣ್ಣೆಂದು ತಟ್ಟಿದರು. ತಲೆಯಾಡಿಸಿ ಮೇಜಿನ ಮೇಲೆ ವಾಪಸು ಇಟ್ಟರು.

"ಅದೇನು ಮಡಕೆನಾ ಯಜಮಾನ್ರೇ, ತಟ್ಟಿ ನೋಡಿ ತಗೊಳ್ಳೋಕೆ?" ಅಂದಳು ರಿಪೇರಿಯಕ್ಕ.

"ಮಡಕೆ ಆಗಿದ್ರೆ ವಾಸಿಯಿತ್ತು. ಬಿರುಕು ಬಿಟ್ಟಿದ್ರೆ ಅದೇ ಹೇಳಿಬಿಡುತ್ತೆ."

ಪೇಟೆಬೀದಿಯ ಕೊನೆಯ ಆ ರಿಪೇರಿ ಅಂಗಡಿಯಲ್ಲಿ ಕೆಟ್ಟ ಕಂಪ್ಯೂಟರು, ಹಾಡದ ರೇಡಿಯೊ, ಓಡದ ಆಟದ ರೈಲು ಎಲ್ಲವೂ ರಿಪೇರಿಯಕ್ಕನ ಕೈಗೇ ಬಂದು ಬೀಳುತ್ತಿದ್ದವು. ಮಾತಾಡುವಾಗಲೂ ಅವಳ ತುಟಿಯ ಸಂದಿಯಲ್ಲಿ ಎರಡು ಸಣ್ಣ ಸ್ಕ್ರೂ ಇರುತ್ತಿದ್ದವು. ಅವಳು ಅವನ್ನು ನುಂಗಿದ್ದನ್ನು ಈವರೆಗೆ ಯಾರೂ ನೋಡಿಲ್ಲ. ಈಗ ಅವಳ ಮುಂದೆ ಬಿಳಿ ಬಟ್ಟೆ ಹಾಸಿತ್ತು. ಬಟ್ಟೆಯ ಮೇಲೆ ಅಂಗೈಯಗಲದ ಹಸಿರು ಬೋರ್ಡು, ಅದರ ಹೊಟ್ಟೆಗೆ ಅಂಟಿಕೊಂಡಂತೆ ಬೆರಳುದ್ದದ ಡ್ರೈವು. ಒಂದು ಇಡೀ ಕಂಪ್ಯೂಟರು ಎಂದರೆ ಇಷ್ಟೇ. ಅದರ ಹಳೆಯ ಪ್ಲಾಸ್ಟಿಕ್ ಕೇಸು ಪಕ್ಕದಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು.

ಸೊಸೆ ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ಪೂರ್ತಿ ಕೂತರೆ ಏನೋ ಕೆಟ್ಟದ್ದು ಆಗಿಬಿಡುತ್ತದೆ ಅನ್ನುವ ಹಾಗೆ.

ಮಾವ ನಲವತ್ತು ವರ್ಷದಿಂದ ಹಲ್ಲು ಮಾಡುವವರು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರು ಸುರಿದು, ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಕೂರಿಸಿ ಕೊಡುವ ಕೆಲಸ. ಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ಅದರ ನಾಲ್ಕೂ ಗೋಡೆಗೆ ಕಪಾಟು, ಕಪಾಟಿನ ತುಂಬ ಬಿಳಿ ದವಡೆಗಳು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಗೆ ಆ ಕೋಣೆಗೆ ಹೋದರೆ ಸಾವಿರ ಜನ ಒಟ್ಟಿಗೆ ನಗುತ್ತಿರುವ ಹಾಗೆ ಕಾಣುತ್ತಿತ್ತು. ಆಮೇಲೆ ಕೆಲಸ ಕಲಿತಳು, ಸ್ಕ್ಯಾನರು ತಂದಳು, ಕಪಾಟಿನ ದವಡೆಗಳನ್ನೂ ಹೊಸದಾಗಿ ಬಂದ ಅಚ್ಚುಗಳನ್ನೂ ಈ ಪುಟ್ಟ ಕಂಪ್ಯೂಟರಿನಲ್ಲಿ ತುಂಬಿಸುತ್ತ ಹೋದಳು. ಎರಡು ವರ್ಷದಲ್ಲಿ ಏಳುನೂರು ಬಾಯಿ. ಹೋದ ತಿಂಗಳು ಅವಳೇ ಹೇಳಿದ್ದಳು, "ಮಾವ, ಅಚ್ಚೆಲ್ಲ ಈ ಪೆಟ್ಟಿಗೆಯೊಳಗೇ ಇದೆ. ಇನ್ನು ಆ ಪ್ಲಾಸ್ಟರ್ ಯಾಕೆ? ಧೂಳು ಕುಡಿದು ಕುಡಿದು ನಿಮಗೂ ಕೆಮ್ಮು." ಮಾವ ಎರಡು ದಿನ ಕಪಾಟುಗಳ ಮುಂದೆ ಓಡಾಡಿದರು. ಮೂರನೆಯ ದಿನ ಬೆಳಿಗ್ಗೆ ಸುತ್ತಿಗೆ ಹಿಡಿದು ಕೂತು ಒಂದೊಂದಾಗಿ ಒಡೆದರು. ಮೂರು ಗಾಡಿ ಪುಡಿ ಹೋಯಿತು.

ಮೊನ್ನೆ ಮಧ್ಯಾಹ್ನ ಪೆಟ್ಟಿಗೆ ಆರಿಹೋಯಿತು.

ಡ್ರೈವನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಆಗುತ್ತಿರಲಿಲ್ಲ. ಪರರ ಬಾಯಿ ಕಂಡವರ ಕೈಗೆ ಸಿಗಬಾರದೆಂದು ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಈ ಬೋರ್ಡಿನಲ್ಲೇ ಅಡಗಿಸಿಟ್ಟವಳು ಸೊಸೆಯೇ. ಇನ್ನೊಂದು ಪ್ರತಿ ಮಾಡಿಡಬೇಕು ಅಂದುಕೊಂಡಿದ್ದಳು. ಮುಂದಿನ ವಾರ, ಅದರ ಮುಂದಿನ ವಾರ. ಅಜ್ಜಿಯ ಕಥೆಯಲ್ಲಿ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯಲ್ಲಿ ಇಟ್ಟು ಹಾಯಾಗಿ ಗೊರಕೆ ಹೊಡೆಯುತ್ತಿದ್ದ. ಅಷ್ಟು ದೊಡ್ಡ ಮೈಯವನಿಗೆ ಇನ್ನೊಂದು ಗಿಳಿ ಸಾಕಲು ಏನಾಗಿತ್ತು ರೋಗ ಎಂದು ಚಿಕ್ಕವಳಿದ್ದಾಗ ಅವಳು ಅಜ್ಜಿಯನ್ನು ಪೀಡಿಸುತ್ತಿದ್ದಳು. ರಾಕ್ಷಸನ ಸೋಮಾರಿತನ ಅವಳಿಗೆ ಈಗ ಅರ್ಥವಾಗಿತ್ತು.

ಉಳಿದ ಬಾಯಿಗಳದ್ದು ಹೇಗೋ ಆಗುತ್ತಿತ್ತು, ಮತ್ತೆ ಕರೆಸಿ ಅಚ್ಚು ತೆಗೆಸಬಹುದು. ಒಂದರದ್ದು ಮಾತ್ರ ಆಗುತ್ತಿರಲಿಲ್ಲ. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಹೊರಡುವ ಹೊತ್ತು ಕೂಗಿ ಹೇಳುವ ಹೆಂಗಸು ಒಬ್ಬಳಿದ್ದಳು. ಗಂಟಲಿನ ಗೆಡ್ಡೆಗೆ ಚಿಕಿತ್ಸೆಯಾಗಿ, ದವಡೆಯ ಕೀಲು ಬಿಗಿದುಕೊಂಡು, ಈಗ ಆಕೆಯ ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತದೆ. ಅಚ್ಚಿನ ತಟ್ಟೆ ಒಳಗೆ ಹೋಗುವುದೇ ಇಲ್ಲ. ಚಿಕಿತ್ಸೆಗೆ ಮುಂಚೆ ತೆಗೆದ ಅಚ್ಚು ಒಂದೇ ಗತಿ. ಮೇಲಿನ ಹಲ್ಲುಸಾಲನ್ನು ಎರಡು ತುಂಡಾಗಿ ಮಾಡಿ, ಬಾಯೊಳಗೇ ಕೊಂಡಿ ಹಾಕಿ ಕೂಡಿಸುವ ಉಪಾಯವನ್ನು ಮಾವ ಹುಡುಕಿಟ್ಟಿದ್ದರು. ಹಲ್ಲಿಲ್ಲದೆ ಮಾತು ಸ್ಪಷ್ಟವಾಗುತ್ತಿರಲಿಲ್ಲ. ಮುಂದಿನ ಸೋಮವಾರದೊಳಗೆ ಮೈಕಿನ ಮುಂದೆ ಕೂರದಿದ್ದರೆ ಆಕೆಯನ್ನು ಉಗ್ರಾಣಕ್ಕೆ ಹಾಕುತ್ತಾರಂತೆ. ಆ ಬಾಯಿಯ ಪ್ಲಾಸ್ಟರು ಆ ಮೂರು ಗಾಡಿಯಲ್ಲಿ ಯಾವುದೋ ಒಂದರಲ್ಲಿ ಹೋಗಿತ್ತು.

"ನೋಡಿ," ಅಂದಳು ರಿಪೇರಿಯಕ್ಕ, ಸ್ಕ್ರೂಗಳನ್ನು ತುಟಿಯ ಇನ್ನೊಂದು ಮೂಲೆಗೆ ದಾಟಿಸಿ. "ಬೋರ್ಡು ಬದುಕಿದೆ, ಒಣಗಿಸಿ ಒರೆಸಿದ್ದೀನಿ. ಆದ್ರೆ ತೇವ ತಿಂದ ಮೇಲೆ ಮೊದಲಿನ ಹಾಗಿಲ್ಲ. ಹಚ್ಚಿದ ಎರಡು ನಿಮಿಷಕ್ಕೆ ಕೆಂಡ. ಕಾದು ನಿಂತುಬಿಡುತ್ತೆ. ಟೇಬಲ್ ಫ್ಯಾನ್ ಹಿಡಿದೂ ನೋಡ್ದೆ, ಐದು ನಿಮಿಷ ಬಂತು. ಬೀಗ ತೆಗೆದು ಡ್ರೈವ್ ಓದೋಕೆ ಹತ್ತು ಹನ್ನೆರಡು ನಿಮಿಷನಾದ್ರೂ ಬೇಕು. ಸುಮ್ನೆ ಹಚ್ಚಿ ಆರಿಸಿ ಮಾಡ್ತಿದ್ರೆ ಒಂದಿನ ಏಳೋದೇ ಇಲ್ಲ. ಅದಕ್ಕೇ ಹೇಳಿದ್ದು, ಬಿಸಿ ಎಳ್ಕೊಳ್ಳೋ ಲೋಹದ ಕೇಸ್ ಹಾಕಿ, ಒಂದೇ ಸಲ ಹಚ್ಚೋಣ."

"ಯಾವುದು ಒಳ್ಳೇದು ನೀವೇ ಹೇಳಿ ಅಕ್ಕ," ಅಂದಳು ಸೊಸೆ.

"ಇಡೋ ಜಾಗ ಗೊತ್ತಾಗದೆ ಹೆಂಗೆ ಹೇಳ್ಲಿ? ನೀರು ಬೀಳೋ ಜಾಗಾನಾ? ಆವಿ ಬರುತ್ತಾ? ಒಳಗೆ ಇಷ್ಟು ತೇವ ಹೆಂಗೆ ಬಂತು ಅಂತ ನಿನ್ನೆಯಿಂದ ಕೇಳ್ತಿದ್ದೀನಿ."

"ಗೊತ್ತಿಲ್ಲ ಅಕ್ಕ. ಕೇಸು ಕಳಪೆದು. ನಾನೇ ಸೋವಿ ನೋಡಿ ತಂದಿದ್ದು. ತಪ್ಪು ನಂದೇ."

ಮಾವ ಮೂರನೆಯ ಪೆಟ್ಟಿಗೆಯನ್ನು ಕೈಗೆತ್ತಿಕೊಂಡಿದ್ದವರು ತಟ್ಟದೆ ಹಾಗೇ ಹಿಡಿದುಕೊಂಡರು.

"ಅವಳ ತಪ್ಪಲ್ಲ," ಅಂದರು.

ಇಬ್ಬರೂ ಅವರ ಕಡೆ ನೋಡಿದರು.

"ಒದ್ದೆ ಬಟ್ಟೆ ಸುತ್ತಿದ್ದು ನಾನು."

"ಯಾವುದಕ್ಕೆ?"

"ಇದಕ್ಕೇ." ಮಾವ ಗದ್ದದಿಂದ ಬೋರ್ಡಿನ ಕಡೆ ತೋರಿಸಿದರು. "ಮೊನ್ನೆ ಮುಟ್ಟಿ ನೋಡ್ದೆ, ಸುಡ್ತಾ ಇತ್ತು. ಅಚ್ಚಿಗೆ ಬಿಸಿ ತಾಗಬಾರದು. ಒಣಗಿ ಕುಗ್ಗಿಬಿಟ್ರೆ ಆಮೇಲೆ ಯಾರ ಬಾಯಿಗೂ ಕೂರಲ್ಲ. ಡಾಕ್ಟ್ರ ಹತ್ರದಿಂದ ಬರೋ ಅಚ್ಚನ್ನೆಲ್ಲ ನಾನು ಒದ್ದೆ ಬಟ್ಟೆಯಲ್ಲೇ ಅಲ್ವಾ ಸುತ್ತಿಡೋದು? ಅಚ್ಚೆಲ್ಲ ಇದರೊಳಗೇ ಇದೆ ಅಂತ ಇವಳೇ ಹೇಳಿದ್ದಳು. ಚೆನ್ನಾಗಿ ಹಿಂಡಿಯೇ ಸುತ್ತಿದ್ದೆ. ಮೇಲೊಂದು ಪ್ಲಾಸ್ಟಿಕ್ ಚೀಲಾನೂ ಹಾಕಿದ್ದೆ."

ರಿಪೇರಿಯಕ್ಕ ತುಟಿಯಲ್ಲಿದ್ದ ಎರಡೂ ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟಳು.

"ಅತ್ತೆಗೆ ಗೊತ್ತಾ?" ಅಂದಳು ಸೊಸೆ.

"ಆ ಬಟ್ಟೆ ಅವಳದ್ದೇ. ತಲೆ ಒರೆಸೋ ಟವಲ್ಲು. ಎಲ್ಲಿ ಹೋಯ್ತು ಅಂತ ಎರಡು ದಿನದಿಂದ ಮನೆ ತಲೆಕೆಳಗು ಮಾಡ್ತಿದ್ದಾಳೆ. ಯಾವ ಬಾಯಲ್ಲಿ ಹೇಳ್ಲಿ?"

ಸೊಸೆಗೆ ಸಿಟ್ಟು ಬರಬೇಕಿತ್ತು. ಅದಕ್ಕಾಗಿ ಒಂದು ಕ್ಷಣ ಕಾದಳು ಕೂಡ. ಬಂದದ್ದು ನಗು. ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ, ಕಣ್ಣಲ್ಲಿ ನೀರು ಬರುವಷ್ಟು. ಎರಡು ದಿನ ಅವಳೊಬ್ಬಳೇ ಹೊತ್ತಿದ್ದ ಕಲ್ಲನ್ನು ಇನ್ನೊಂದು ತುದಿಯಲ್ಲಿ ಮಾವನೂ ಹೊತ್ತಿದ್ದರು, ಇಬ್ಬರಿಗೂ ಗೊತ್ತಿರಲಿಲ್ಲ. "ಹಿಂಡಿಯೇ ಸುತ್ತಿದ್ದರಂತೆ ಅಕ್ಕ," ಅಂದಳು, ಉಸಿರು ಎಳೆದುಕೊಳ್ಳುತ್ತ.

"ಹಾಗಾದ್ರೆ ಸರಿ, ನೀರು ಬೀಳೋ ಜಾಗ ಅಲ್ಲ," ಅಂದಳು ರಿಪೇರಿಯಕ್ಕ ಗಂಭೀರವಾಗಿ. "ಟವಲ್ ಬೀಳೋ ಜಾಗ."

ಮಾವ ನಗಲಿಲ್ಲ. ಆದರೆ ಅವರ ಭುಜ ಎರಡಂಗುಲ ಕೆಳಗಿಳಿದದ್ದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಈಗ ಅವರು ಕೆಲಸಕ್ಕೆ ಕೂತವರ ಹಾಗೆ ಕೂತರು.

"ಇದು ಬೇಡ," ಎಂದು ಮೊದಲನೆಯದನ್ನು ಸರಿಸಿದರು. ಕಪ್ಪಗೆ ಮಿರಿಮಿರಿ ಮಿಂಚುವ ಕೇಸು, ನೆತ್ತಿಯ ಮೇಲೆ ಪುಟ್ಟ ಫ್ಯಾನು.

"ಎಲ್ರೂ ಅದನ್ನೇ ತಗೊಂಡು ಹೋಗೋದು!"

"ಎಲ್ರೂ ಪ್ಲಾಸ್ಟರ್ ಉಜ್ಜಲ್ವಲ್ಲಮ್ಮ. ನಮ್ಮ ಕೋಣೇಲಿ ಗಾಳಿ ಎಳೆದುಕೊಳ್ಳೋ ಮೂಗು ಯಾವುದಿದ್ರೂ ಆರು ತಿಂಗಳಿಗೆ ಕಟ್ಟುತ್ತೆ. ನನ್ನದೂ ಸೇರಿ." ಎರಡನೆಯದನ್ನು ತೋರಿಸಿದರು. "ಇದು ಸ್ಟೀಲು. ಗಟ್ಟಿ, ತೂಕ, ಎಲ್ಲ ಸರಿ. ಬಿಸಿಯನ್ನ ಬೇಗ ದಾಟಿಸಲ್ಲ, ಜಿಪುಣನ ಹಾಗೆ." ಮೂರನೆಯದು ಬೂದು ಬಣ್ಣದ ಅಲ್ಯೂಮಿನಿಯಮ್ಮು, ಬೆನ್ನಿನ ತುಂಬ ಬಾಚಣಿಗೆಯಂಥ ಗೀರು, ಫ್ಯಾನಿಲ್ಲ, ಒಳಗೆ ಮುಚ್ಚಳದಿಂದ ಒಂದು ಚೌಕ ಕಂಬ ಕೆಳಗಿಳಿದು ಬೋರ್ಡಿನಲ್ಲಿ ಬಿಸಿಯೇರುವ ಚಿಪ್‌ನ ಮೇಲೆ ಕೂರುವ ಹಾಗಿತ್ತು. ನೋಡಲು ಅಂಥ ಚಂದವೇನಿಲ್ಲ. "ಇದು," ಅಂದರು. "ಪ್ಲಾಸ್ಟಿಕ್ ಅಂಗುಳದ ಹಲ್ಲುಸೆಟ್ಟು ಹಾಕಿದವರು ಬಿಸಿ ಬಿಸಿ ಹಾಲು ಕುಡಿದು ನಾಲಿಗೆ ಸುಟ್ಕೋತಾರೆ. ಅಂಗುಳಕ್ಕೆ ಬಿಸಿ ತಿಳಿಯೋದೇ ಇಲ್ಲ. ಲೋಹದ ಅಂಗುಳ ಹಾಕಿದವರಿಗೆ ಮೊದಲ ಗುಟುಕಿಗೇ ತಿಳಿಯುತ್ತೆ. ನಾವು ಈ ಬಡಪಾಯಿಗೆ ಎರಡು ವರ್ಷ ಪ್ಲಾಸ್ಟಿಕ್ ಹಾಕಿ ಕೂರಿಸಿದ್ವಿ."

"ಇಷ್ಟೆಲ್ಲ ತಿಳಿದೋರು ಒದ್ದೆ ಬಟ್ಟೆ ಸುತ್ತಿದ್ರಲ್ಲ ಯಜಮಾನ್ರೇ!"

"ಇದು ಕಂಪ್ಯೂಟರ್ ಅಂತ ಆಗ ಯಾರು ಅಂದ್ಕೊಂಡಿದ್ರು?"

ರಿಪೇರಿಯಕ್ಕ ಬೋರ್ಡನ್ನು ಬೂದು ಕೇಸಿನಲ್ಲಿ ಕೂರಿಸಿ ಸ್ಕ್ರೂ ಬಿಗಿಯಲು ಹೊರಟಳು. ಮಾವ ಕೈ ಅಡ್ಡ ಹಿಡಿದರು. ಅಂಗಿಯ ಜೇಬಿನಿಂದ ಒಂದು ನೀಲಿ ಕಾಗದದ ಪಟ್ಟಿ ತೆಗೆದರು. ಹೊಸ ಹಲ್ಲು ಹಾಕಿದವರ ಬಾಯಲ್ಲಿ ಇಟ್ಟು 'ಕಚ್ಚಿ' ಅನ್ನುವ ಕಾಗದ. ಎಲ್ಲಿ ಹಲ್ಲಿಗೆ ಹಲ್ಲು ತಾಗುತ್ತದೋ ಅಲ್ಲಿ ನೀಲಿ ಮೂಡುತ್ತದೆ. ಅದನ್ನು ಚಿಪ್‌ನ ಅಗಲಕ್ಕೆ ಕತ್ತರಿಸಿ ಅದರ ಮೇಲಿಟ್ಟು, ಮುಚ್ಚಳ ಹಾಕಿ, ಮೆಲ್ಲಗೆ ಒತ್ತಿ ತೆಗೆದರು.

ಕಂಬದ ತುದಿಯಲ್ಲಿ ಒಂದೇ ಮೂಲೆಗೆ ಎಳ್ಳುಕಾಳಿನಷ್ಟು ನೀಲಿ. ಮಿಕ್ಕದ್ದೆಲ್ಲ ಬರಿದು.

"ನೋಡಿದ್ಯಾ? ತುದಿಯಲ್ಲಿ ಮಾತ್ರ ಕಚ್ಚಿದೆ. ಮಿಕ್ಕಿದ್ದೆಲ್ಲ ಗಾಳಿ."

"ಮಧ್ಯೆ ಪೇಸ್ಟ್ ಹಚ್ತೀವಿ ಯಜಮಾನ್ರೇ, ಸಂದು ತುಂಬುತ್ತೆ."

"ಕೂರದ ಸೆಟ್ಟಿಗೂ ಜನ ಪೇಸ್ಟ್ ಹಚ್ಕೋತಾರೆ. ಸೀನಿದ್ರೆ ಹೊರಗೆ ಬರುತ್ತೆ. ನುಣ್ಣನೆ ಉಜ್ಜುಕಾಗದ ಇದ್ಯಾ?"

"ಅಯ್ಯೋ, ಮಾರೋ ಮಾಲು ಅದು!"

"ಮಾರಿ ಆಯ್ತಲ್ಲ," ಅಂದಳು ಸೊಸೆ.

ಆಮೇಲೆ ಅರ್ಧ ಗಂಟೆ ಅಂಗಡಿಯಲ್ಲಿ ಮಾವ ಕಂಬದ ತುದಿ ಉಜ್ಜುವ ಸದ್ದೊಂದೇ. ನಾಲ್ಕು ಸಲ ಎಳೆಯುವುದು, ಒರೆಸುವುದು, ನೀಲಿ ಇಟ್ಟು ಒತ್ತುವುದು, ಕಿಟಕಿಯ ಬೆಳಕಿಗೆ ಹಿಡಿಯುವುದು. ಎಳ್ಳು ಅವರೆಕಾಳಾಯಿತು. ಅವರೆಕಾಳು ನಾಣ್ಯವಾಯಿತು. ರೇಡಿಯೊ ಒಯ್ಯಲು ಬಂದ ಒಬ್ಬ ಗಿರಾಕಿ ಏನಾಗುತ್ತಿದೆ ಎಂದು ಕೇಳದೆ ನಿಂತು ನೋಡಿ, ರೇಡಿಯೊ ಮರೆತು ಹೋದ. ಕೊನೆಗೊಮ್ಮೆ ಮುಚ್ಚಳ ತೆಗೆದಾಗ ಕಂಬದ ತುದಿ ಅಂಚಿನಿಂದ ಅಂಚಿಗೆ ಒಂದೇ ಸಮ ನೀಲಿಯಾಗಿತ್ತು. ಮಾವ ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ರಿಪೇರಿಯಕ್ಕನ ಕೈಗಿಟ್ಟರು. "ಈಗ ನಿನ್ನ ಪೇಸ್ಟ್ ಹಚ್ಚಮ್ಮ. ತೆಳ್ಳಗೆ."

ತಂತಿ ಸಿಕ್ಕಿಸಿದಾಗ ಒಂದು ಕೆಂಪು ದೀಪ, ಆಮೇಲೆ ಒಂದು ಹಸಿರು ದೀಪ. ಸೊಸೆ ಗೋಡೆ ಗಡಿಯಾರ ನೋಡಿದಳು. ಎರಡು ನಿಮಿಷ. ಮಾವ ಕೇಸಿನ ಬೆನ್ನ ಮೇಲೆ ಅಂಗೈ ಇಟ್ಟಿದ್ದರು, ಜ್ವರ ನೋಡುವವರ ಹಾಗೆ. "ಬಿಸಿ ಮೇಲೆ ಬರ್ತಿದೆ," ಅಂದರು. "ಬರಲಿ." ಐದು ನಿಮಿಷ. ಪರದೆಯ ಮೇಲೆ ಬೀಗದ ಗುರುತು ಬಂತು; ಸೊಸೆ ಗುಟ್ಟಿನ ಪದ ಒತ್ತುವಾಗ ಒಂದಕ್ಷರ ತಪ್ಪಿದಳು, ಅಳಿಸಿ ಮತ್ತೆ ಒತ್ತಿದಳು. ಏಳು. ಒಂಬತ್ತು. ಹಸಿರು ದೀಪ ಕಣ್ಣು ಮಿಟುಕಿಸುತ್ತಲೇ ಇತ್ತು. ಹನ್ನೊಂದನೆಯ ನಿಮಿಷಕ್ಕೆ ಹೆಸರುಗಳ ಪಟ್ಟಿ ಪರದೆಯ ಮೇಲಿಂದ ಕೆಳಕ್ಕೆ, ಚೀಲ ಹರಿದು ಕಾಳು ಸುರಿದ ಹಾಗೆ, ಸುರಿಯತೊಡಗಿತು.

"ಆಕೆಯದು ತೆಗಿ," ಅಂದರು ಮಾವ.

ಬಸ್ ನಿಲ್ದಾಣದ ಹೆಂಗಸಿನ ಮೇಲ್ದವಡೆ ಕಪ್ಪು ಪರದೆಯ ನಡುವೆ ಮೂಡಿತು. ಸೊಸೆ ಬೆರಳಿನಿಂದ ಮೆಲ್ಲಗೆ ತಿರುಗಿಸಿದಳು. ಅಂಗುಳದ ಸಣ್ಣ ಸಣ್ಣ ಗೆರೆ, ಎಡಗಡೆ ಹಿಂದೆ ಒಂದು ಗುಳಿ, ಎಲ್ಲ ಇದ್ದಲ್ಲೇ ಇತ್ತು.

"ಕುಗ್ಗಿಲ್ಲ," ಅಂದರು ಮಾವ.

"ಇಲ್ಲ ಮಾವ."

"ಮುಟ್ಟಬೇಡಿ ಯಾರೂ," ಅಂದಳು ರಿಪೇರಿಯಕ್ಕ, ಡ್ರಾಯರಿನಿಂದ ಹೊಸ ಡ್ರೈವೊಂದನ್ನು ತೆಗೆಯುತ್ತ. "ಮೊದಲು ಇನ್ನೊಂದು ಪ್ರತಿ. ಆಮೇಲೆ ನೋಡ್ತಾ ಕೂರಿ, ಇಡೀ ಊರಿನ ಬಾಯಿ ನೋಡಿ."

ಪ್ರತಿಯಾಗುವಷ್ಟರಲ್ಲಿ ಅತ್ತೆಯ ಫೋನು ಬಂತು. "ಏನಾಯ್ತು?" ಅಂದರು, ಹಲೋ ಕೂಡ ಹೇಳದೆ.

"ಸಿಕ್ಕಿತು ಅತ್ತೆ. ಎಲ್ಲ ಸಿಕ್ಕಿತು."

ಆ ಕಡೆ ಕುಕ್ಕರಿನ ಮುಚ್ಚಳ ಎಳೆದ ಸದ್ದಾಯಿತು. "ಹಂಗಾದ್ರೆ ಅಡುಗೆಗೆ ಇಡ್ತೀನಿ. ನಿಮ್ಮಾವ ಮೊನ್ನೆಯಿಂದ ತಟ್ಟೆ ಮುಂದೆ ಕೂತು ಎದ್ದು ಹೋಗ್ತಿದ್ದಾರೆ. ಮತ್ತೆ, ನನ್ನ ಟವಲ್ಲು..."

"ಬಂದು ಹೇಳ್ತೀನಿ ಅತ್ತೆ," ಎಂದು ಸೊಸೆ ಫೋನು ಇಟ್ಟಳು. ಮಾವ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಮಾವ ಪೆಟ್ಟಿಗೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎರಡು ತುಂಡಿನ ಕೊಂಡಿಯನ್ನು ಎಡಕ್ಕೆ ಹಾಕಿದರೆ ಮೈಕಿನ ಹೆಂಗಸಿಗೆ ನಾಲಿಗೆಯಿಂದಲೇ ಸಿಕ್ಕಿಸಲು ಸುಲಭವೋ, ಬಲಕ್ಕೋ ಎಂದು ಹೇಳುತ್ತ ಹೇಳುತ್ತ, ಮಾತಿನ ನಡುವೆಯೇ ನಿದ್ದೆಹೋದರು. ಬಸ್ಸು ತಿರುವಿನಲ್ಲಿ ವಾಲಿದಾಗ ಅವರ ತಲೆ ಸೊಸೆಯ ಭುಜಕ್ಕೆ ಬಂದು ತಾಗಿತು, ಅಲ್ಲೇ ಉಳಿಯಿತು. ಅವಳು ಅಲುಗಾಡಲಿಲ್ಲ. ಮಧ್ಯಾಹ್ನದ ಬಿಸಿಲು ಅವರ ಮುಖದ ಮೇಲೆ ಬಿದ್ದು ಹೋಗಿ ಬಿದ್ದು ಹೋಗಿ ಮಾಡುತ್ತಿತ್ತು. ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಊರಿಗೆಲ್ಲ ಹಲ್ಲು ಕೂರಿಸಿಕೊಟ್ಟವರ ಕೆಳಗಿನ ಸಾಲಿನ ಬಲಗಡೆ, ಒಳಗೆ, ಎರಡು ಹಲ್ಲಿನ ಜಾಗ ಖಾಲಿಯಿತ್ತು. ಒಸಡು ನುಣ್ಣಗೆ ಕೂಡಿಕೊಂಡಿತ್ತು, ಎಷ್ಟೋ ವರ್ಷದ ಹಿಂದೆಯೇ ಬಿದ್ದುಹೋದ ಹಾಗೆ.

ಸೊಸೆ ಅವರ ತೊಡೆಯಿಂದ ಜಾರುತ್ತಿದ್ದ ಚೀಲವನ್ನು ಒಂದು ಕೈಯಲ್ಲಿ ಹಿಡಿದುಕೊಂಡಳು. ಇನ್ನೊಂದು ಕೈ ಎತ್ತಿ, ಬಿಸಿಲು ಆ ಬಾಯಿಗೆ ಬೀಳದಂತೆ ಕಿಟಕಿಗೆ ಅಡ್ಡ ಹಿಡಿದಳು.