ಒಳಚಿಲಕ

ಹಿಂದೊಮ್ಮೆ, ಬಹಳ ಹಿಂದೇನಲ್ಲ, ಹೋದ ವರ್ಷದ ಚಳಿಗಾಲದವರೆಗೂ, ಸಾಗರ ಪೇಟೆಯಲ್ಲಿ ಬಾಗಿಲೇ ಇಲ್ಲದ ರಾಣಿಯೊಬ್ಬಳಿದ್ದಳು. ಬಸ್ ನಿಲ್ದಾಣದ ಕಲ್ಲುಬೆಂಚು ಅವಳ ಅರಮನೆ. ಹನ್ನೊಂದು ವರ್ಷ ಆಳಿದಳು. ಹೆಸರು ಕೆರಿಯಮ್ಮ.

ಈಗ ಅವಳಿಗೆ ನಮ್ಮ ಆಸರೆಮನೆಯಲ್ಲಿ ಸ್ವಂತ ಕೋಣೆ ಇದೆ. ಬೀದಿಯಲ್ಲಿ ಬದುಕಿ ಬಂದ ಹದಿನಾಲ್ಕು ಜನ ಅಲ್ಲಿದ್ದಾರೆ. ಅವರ ಬಿಪಿ, ಶುಗರ್ ನೋಡುವವಳು ನಾನು.

ಕೆರಿಯಮ್ಮನ ಕಾಲು ಊದತೊಡಗಿತು. ಡಾಕ್ಟರು ಉಪ್ಪು ಬಿಡಿಸಿದರು. ಊತ ಇಳಿಯಲಿಲ್ಲ. ಕದ್ದು ಅಪ್ಪೆಮಿಡಿ ಉಪ್ಪಿನಕಾಯಿ ತಿನ್ನುತ್ತಾಳೆಂದು ನಾನೇ ಗದರಿ ಅವಳ ಗಂಟು ಜಾಲಾಡಿದೆ. ಸಿಕ್ಕಿದ್ದು ಮಂಚಕ್ಕೆಂದು ನಾವು ಕೊಟ್ಟಿದ್ದ, ಮಡಿಕೆಯೂ ಬಿಚ್ಚದ ಬೆಡ್‌ಶೀಟು.

"ಮಂಚದ ಮೇಲೆ ಮಲಗಲ್ವಾ ಕೆರಿಯಮ್ಮ?"

"ಬಾಗ್ಲಿಗೆ ಕುರ್ಚಿ ಒತ್ತಿಟ್ಟು ಕೂತ್ಕಂಡೇ ನಿದ್ದೆ ಕಣೇ. ಒಳಗೆ ಚಿಲಕ ಇಲ್ಲ. ಯಾರ್ ಬೇಕಾರೂ ನುಗ್ಗಬೌದು. ಬೆಂಚಲ್ಲಿದ್ದಾಗ ಯಾರ್ಯಾರು ಬಂದಿದ್ರು, ನಿಂಗೆ ಹೇಳ್ಲಾ?"

ಇಷ್ಟು ದಿನ ರಾತ್ರಿಯಿಡೀ ಕಾಲು ಇಳಿಬಿಟ್ಟು ಕೂತು ಊದಿಸಿಕೊಂಡವಳಿಗೆ ನಾವು ಉಪ್ಪು ಬಿಡಿಸಿದ್ದೆವು. "ಚಿಲಕ ಹಾಕಿಸ್ಕೊಡ್ತೀನಿ, ಮಾತು" ಅಂದುಬಿಟ್ಟೆ.

ಮೇಲ್ವಿಚಾರಕ ರಾಜೇಂದ್ರ ಒಪ್ಪಲಿಲ್ಲ. "ರೂಲ್ಸ್ ಸುಷ್ಮಾ. ಶುಗರ್ ಇಳ್ದು ಒಳಗೇ ಬಿದ್ರೆ?" ಮೂರು ಅರ್ಜಿ ಬರೆದೆ. ಮೂರೂ ಅವರ ಮೇಜಿನಲ್ಲೇ ಉಳಿದವು.

ಒಂದು ಮಧ್ಯಾಹ್ನ ಕೆರಿಯಮ್ಮ ಚಾಪೆ ತಂದು ಆಫೀಸಿನ ಹೊಸ್ತಿಲಿಗೆ ಅಡ್ಡ ಮಲಗಿದಳು. ಮಲಗಿದವರನ್ನು ದಾಟಬಾರದು, ರಾಜೇಂದ್ರ ಊಟಕ್ಕೆ ಹೊರಟವರು ಒಳಗೇ ಸಿಕ್ಕಿಕೊಂಡರು.

"ಎಂತಮ್ಮಾ ಇದು? ಏಳಿ!"

"ದಾಟ್ಕಂಡು ಹೋಗಿ. ಪಾಪ ನಿಮ್ಗೇ."

ನಾನು ಚಪ್ಪಲಿ ಬಿಟ್ಟು ಅವಳ ಪಕ್ಕ ಮಲಗಿದೆ. ಊಟದ ತಟ್ಟೆ ಹಿಡಿದವರೆಲ್ಲ ಸುತ್ತ ನೆರೆದು ನಗತೊಡಗಿದರು.

"ನೀನೂನಾ ಸುಷ್ಮಾ? ಬಿದ್ದು ಸತ್ರೆ ಯಾರ್ ಜವಾಬ್ದಾರಿ?"

"ಬದ್ಕಿದ್ರೆ ಬಾಗ್ಲು ಬಡೀರಿ, ಸತ್ರೆ ಒಡೀರಿ" ಅಂದಳು ಕೆರಿಯಮ್ಮ, ಕಣ್ಣು ತೆರೆಯದೆ.

ಪಕ್ಕದ ಕೋಣೆಯ ಹೂವಯ್ಯ ಹಿಂದೆ ಮರಗೆಲಸ ಮಾಡಿದ್ದವನು. "ದಿನಾ ಬೆಳಗ್ಗೆ ಆರಕ್ಕೆ ನಾನು ಬಡೀತೀನಿ ಸಾರ್. ಉತ್ರ ಬರ್ದಿದ್ರೆ ನಾನೇ ಒಡೀತೀನಿ. ಬೇಕಾರೆ ಬರ್ಕೊಡ್ತೀನಿ."

ರಾಜೇಂದ್ರ ಗಡಿಯಾರ ನೋಡಿದರು, ನಮ್ಮಿಬ್ಬರನ್ನೂ ನೋಡಿದರು. "ಹಾಕ್ಕಳ್ಳಿ ಮಾರಾಯ್ರೇ!"

ಸಂಜೆಯೊಳಗೆ ಹೂವಯ್ಯ ನಾಲ್ಕು ಸ್ಕ್ರೂ ಬಿಗಿದ. ಕೆರಿಯಮ್ಮ ಒಳಹೋಗಿ ಚಿಲಕ ಜಡಿದಳು. ಪರೀಕ್ಷೆಗೆಂದು ರಾಜೇಂದ್ರ ಬಾಗಿಲು ತಟ್ಟಿದರು.

"ಯಾರದು?"

"ನಾನು, ರಾಜೇಂದ್ರ."

"ಆಮೇಲೆ ಬನ್ನಿ. ಮಲ್ಗಿದೀನಿ."

ಒಳಗೆ ಮಂಚ ಕಿರುಗುಟ್ಟಿತು.