ಗಾಜಿನಡಿಯ ನಾಲ್ಕು ಸಾಲು

"ಕೊಡಲ್ಲ ಅಂದ್ರೆ ಕೊಡಲ್ಲ ಕಣವ್ವ," ಎಂದು ಪುಟ್ಟರಾಜು ಆಲ್ಬಂ ಮೇಲೆ ಅಂಗೈ ಊರಿದ. "ಎರಡು ವರ್ಸದಿಂದ ಇಲ್ಲೇ ಬಿದ್ದದೆ. ನಿಮ್ಮಪ್ಪನೂ ಬರ್ನಿಲ್ಲ, ಆ ಗಂಡಿನ ಕಡೇರೂ ಬರ್ನಿಲ್ಲ. ಈಗ ಇದು ನನ್ನ ಸ್ಯಾಂಪಲ್ಲು. ಇದನ್ನ ನೋಡೇ ಪಾರ್ಟಿಗಳು ಬುಕ್ ಮಾಡಾದು."

"ನನ್ನ ಮುಖ ತೋರಿಸಿ ವ್ಯಾಪಾರ ಮಾಡೋಕೆ ನಿಮಗೆ ಯಾರು ಹೇಳಿದ್ದು?" ದೀಪಶ್ರೀ ಕೇಳಿದಳು.

"ಮುಖ ನಿಂದು, ಫೋಟೋ ನಂದು."

ಸ್ಟುಡಿಯೋ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗಿನಿಂದ ಕಾದ ಎಣ್ಣೆಯ ವಾಸನೆ ಬರುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ಹನ್ನೊಂದಕ್ಕೆ ಅನಿಲ್‌ಕುಮಾರ್ ಮತ್ತು ಅವನ ತಾಯಿ ನಂಜಮ್ಮ ಬರುವವರಿದ್ದರು. ಮುಂದಿನ ತಿಂಗಳು ಅನಿಲ್‌ಕುಮಾರನ ಜೊತೆ ದೀಪಶ್ರೀಯ ಮದುವೆ. ಪುಟ್ಟರಾಜು ನಂಜಮ್ಮನ ಊರಿನವನು. ಹಾಗಾಗಿ ಅವಳನ್ನು ಒಂದು ಮಾತೂ ಕೇಳದೆ ಅವರು ಫೋಟೋ, ಆಲ್ಬಂ ಎಲ್ಲ ಇಲ್ಲೇ ಬುಕ್ ಮಾಡಿದ್ದರು.

ಆಲ್ಬಂನಲ್ಲಿ ಅವಳ ಪಕ್ಕ ಇದ್ದವನು ಸುದರ್ಶನ್. ಎರಡು ವರ್ಷದ ಹಿಂದೆ ಅವನ ಜೊತೆ ನಿಶ್ಚಿತಾರ್ಥವಾಗಿ, ಶೆಟ್ಟಿಹಳ್ಳಿಯ ಮುರುಕು ಚರ್ಚಿನಲ್ಲಿ ಇಡೀ ದಿನ ಫೋಟೋ ತೆಗೆಸಿದ್ದರು. ಮದುವೆಗೆ ಮೂರು ವಾರ ಇರುವಾಗ ಅವನಿಗೆ ಚನ್ನರಾಯಪಟ್ಟಣದ ಅಕ್ಕಿ ಗಿರಣಿಯವರ ಸಂಬಂಧ ಬಂತು. ಅವನು ಹೋದ. ಅನಿಲ್‌ಕುಮಾರನ ಮನೆಯವರಿಗೆ ಅವಳ ಅಪ್ಪ ಹೇಳಿದ್ದು, "ಬರೀ ಮಾತುಕತೆ ಆಗಿತ್ತು" ಎಂದಷ್ಟೇ.

"ಅವರು ಹೋಗೋವರೆಗಾದ್ರೂ ಒಳಗಿಡಿ," ಎಂದಳು.

ಪುಟ್ಟರಾಜು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು.

ನಂಜಮ್ಮ ಏದುಸಿರು ಬಿಡುತ್ತಾ ಬಂದು ಕುರ್ಚಿಯಲ್ಲಿ ಕೂತರು. ಹಿಂದೆ ಬಂದ ಅನಿಲ್‌ಕುಮಾರ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಮುಂಚೇನೇ ಬಂದ್ಬುಟ್ಟಿದ್ದೀಯಾ? ಬೋ ಆತ್ರ," ಎಂದು ನಂಜಮ್ಮ ಕೈ ಚಾಚಿ ಆಲ್ಬಂ ಎಳೆದುಕೊಂಡರು. ಬೆರಳು ಎಂಜಲು ಮಾಡಿಕೊಂಡು ಹಾಳೆ ತಿರುವಿದರು.

ದೀಪಶ್ರೀ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ, ಉಡುಗಿ ನೋಡ್ಲಾ ಅನಿಲಾ, ಆಲಿನಂಗವಳೆ!" ನಂಜಮ್ಮ ಹಾಳೆಯನ್ನು ಬೆಳಕಿಗೆ ಹಿಡಿದರು. ಪುಟ್ಟರಾಜು ಹುಡುಗಿಯರ ಮುಖವನ್ನೆಲ್ಲ ಕಂಪ್ಯೂಟರಿನಲ್ಲಿ ಉಜ್ಜಿ ಉಜ್ಜಿ ಬಿಳಿ ಮಾಡುತ್ತಿದ್ದ. ಮೂಗು, ಗಲ್ಲ ಎಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತೆ ಇರುತ್ತಿದ್ದವು. "ನೀನೂ ಇಂಗೆ ಕಾಣ್ಬೇಕು ಕಣಮ್ಮ. ಬಿಸ್ಲಲ್ಲಿ ಇಸ್ಕೂಲಿಗೆ ಓಗೀ ಓಗೀ ಕರ್‍ರಗಾಗಿದ್ದೀಯ."

"ಇದೇ ಚರ್ಚಲ್ಲೇ ಮಾಡಣ ಬುಡಿ ಅತ್ತೆಮ್ಮ," ಎಂದ ಪುಟ್ಟರಾಜು. ದೀಪಶ್ರೀಯ ಕಡೆ ನೋಡಿ ತುಟಿಯ ಒಂದು ಕೊನೆಯಲ್ಲಿ ನಕ್ಕ. "ಅದೇ ಕೆಂಪು ಗೌನೂ ಅದೆ."

"ಈ ಉಡುಗಿ ಯಾವೂರವಳೋ?"

"ಯಾರೋ ಪಾರ್ಟಿ. ಮದ್ವೆ ಮುರ್ದೋಯ್ತು."

ನಂಜಮ್ಮ ಲೊಚಗುಟ್ಟಿದರು. "ಮದ್ವೆಗೆ ಮುಂಚೆ ಇಂಗೆ ತಬ್ಕಂಡು ನಿಂತ್ರೆ ಇನ್ನೇನಾದಾತು. ಇವಳದ್ದು ಬರೀ ಮಾತುಕತೆ ಅಂದ್ರು, ಅದ್ಕೇ ಒಪ್ಕಂಡೊ. ಇಂಥ ಫೋಟೋ ಗೀಟೋ ಇದ್ದಿದ್ರೆ ನಮ್ಮ ವಸ್ಲು ತುಳಿಯಾಕೆ ಬುಡ್ತಿರ್ನಿಲ್ಲ. ಅಲ್ವೇನ್ಲಾ?"

"ಊಂ," ಎಂದ ಅನಿಲ್‌ಕುಮಾರ್. ಬೆರಳು ಮೊಬೈಲ್ ಮೇಲೆ ಜಾರುತ್ತಿತ್ತು.

ನಂಜಮ್ಮ ಆಲ್ಬಂ ಮುಚ್ಚಿಟ್ಟರು. ಅವರಿಗೆ ಗುರುತು ಸಿಕ್ಕಿರಲಿಲ್ಲ. ಇನ್ನು ಸುಮ್ಮನಿದ್ದರೆ ಸಾಕಿತ್ತು.

"ಆಲ್ಬಂ ರಟ್ಟಿನ ಮೇಲೆ ಇಂಗ್ಲಿಷಲ್ಲಿ ಒಂದು ಮಾತು ಅಚ್ಚಾಕುಸ್ತೀವಿ," ಎಂದು ಪುಟ್ಟರಾಜು ಮೇಜಿನ ಗಾಜನ್ನು ಬೆರಳಲ್ಲಿ ಕುಟ್ಟಿದ. ಗಾಜಿನ ಕೆಳಗೆ ನೋಟ್‌ಬುಕ್ಕಿನ ಹಳದಿಯಾದ ಹಾಳೆಯಿತ್ತು. ಅದರಲ್ಲಿ ನೀಲಿ ಶಾಯಿಯ ನಾಲ್ಕು ಸಾಲು: ಯುನೀಕ್. ಒನ್ ಅಂಡ್ ಓನ್ಲಿ. ಒನ್ಸ್ ಇನ್ ಎ ಲೈಫ್‌ಟೈಮ್. ನೆವರ್ ಅಗೇನ್.

ಎರಡು ವರ್ಷದ ಹಿಂದೆ ಪುಟ್ಟರಾಜು ಅವಳನ್ನೇ ಕೇಳಿದ್ದ. "ನೀವು ಇಂಗ್ಲಿಷ್ ಮಿಸ್ಸು. ಒಂದೇ ಸಾರಿ ಆಗಾದು ಅನ್ನಾಕೆ ಚೆಂದಾಗಿರೋ ಮಾತು ಬರ್ಕೊಡಿ." ಅವಳು ಖುಷಿಯಿಂದ ಬರೆದುಕೊಟ್ಟಿದ್ದಳು. ಆಮೇಲೆ ಅರಕಲಗೂಡಿನಿಂದ ಹಾಸನದವರೆಗೆ ಎಷ್ಟು ಜೋಡಿಗಳ ಆಲ್ಬಂ ಮೇಲೆ ಆ ಮಾತುಗಳು ಚಿನ್ನದ ಬಣ್ಣದಲ್ಲಿ ಹೋಗಿದ್ದವೋ. ನಾಲ್ಕನೆಯದನ್ನು ಮಾತ್ರ ಯಾರೂ ಆರಿಸಿರಲಿಲ್ಲ.

"ನೀನೇ ಬರಿಯಮ್ಮ, ಓದಿರೋಳು," ನಂಜಮ್ಮ ಆರ್ಡರ್ ಪುಸ್ತಕವನ್ನು ಅವಳ ಕಡೆ ನೂಕಿದರು. "ಕಲ್ತಿದ್ದು ಇದಕ್ಕಾದ್ರೂ ಬರ್ಲಿ."

ಪುಟ್ಟರಾಜುವಿನ ನಗು ನಿಂತಿತು. ಅವನು ಕ್ಯಾಲ್ಕುಲೇಟರನ್ನು ಮೆಲ್ಲಗೆ ಗಾಜಿನ ಮೇಲೆ ಸರಿಸಿ ಹಾಳೆಯನ್ನು ಮುಚ್ಚಿದ. "ನಾನೇ ಬರ್ಕೋತೀನಿ ಬುಡಿ ಮೇಡಂ."

"ಬೇಡ," ಎಂದಳು ದೀಪಶ್ರೀ.

ಪೆನ್ನು ತೆಗೆದುಕೊಂಡು, ಕೈಬರಹ ಗುರುತು ಸಿಗದ ಹಾಗೆ, ಬಿಡಿಬಿಡಿಯಾದ ದೊಡ್ಡ ಅಕ್ಷರದಲ್ಲಿ ಶುರು ಮಾಡಿದಳು. ಎರಡು ಅಕ್ಷರ ಬರೆದು ನಿಲ್ಲಿಸಿದಳು. ಅದನ್ನು ಹೊಡೆದುಹಾಕಿ ಕೆಳಗೆ ತನ್ನ ಎಂದಿನ ಕೂಡುಬರಹದಲ್ಲಿ, ಹಳ್ಳಿಮೈಸೂರಿನ ಶಾಲೆಯ ಬೋರ್ಡಿನ ಮೇಲೆ ದಿನಾ ಬರೆಯುವ ಹಾಗೆ, ನಾಲ್ಕನೆಯ ಸಾಲನ್ನು ಬರೆದಳು. ಜಿ ಅಕ್ಷರದ ಬಾಲ ಗಾಳದ ಹಾಗೆ ಮೇಲಕ್ಕೆ ಕೊಕ್ಕೆಯಾಯಿತು. ಬರೆದು ಮುಗಿಸಿ ಕ್ಯಾಲ್ಕುಲೇಟರನ್ನು ಪಕ್ಕಕ್ಕೆ ಸರಿಸಿದಳು.

"ಏನಂತದು?" ನಂಜಮ್ಮ ಕೇಳಿದರು.

"ಇನ್ನೊಂದು ಸಲ ಇಲ್ಲ ಅಂತ."

"ಥೂ, ಇದೆಂತಾ ಅಪಶಕುನದ ಮಾತು! ನೋಡ್ಲಾ ಅನಿಲಾ, ಏನ್ ಬರ್ದವಳೆ ಅಂತ."

ಅನಿಲ್‌ಕುಮಾರ್ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಮೇಜಿನ ಮೇಲೆ ಬಾಗಿದ. ಪುಸ್ತಕ ನೋಡಿದ. ಗಾಜಿನ ಕೆಳಗಿನ ಹಾಳೆ ನೋಡಿದ; ಅಲ್ಲೂ ಜಿ ಅಕ್ಷರದ ಬಾಲಕ್ಕೆ ಅದೇ ಕೊಕ್ಕೆ. ಮತ್ತೆ ಪುಸ್ತಕ ನೋಡಿದ. ಪುಟ್ಟರಾಜು ಕಿಟಕಿಯಾಚೆ ಮುಖ ತಿರುಗಿಸಿದ. ಕೆಳಗೆ ಕಂಡಕ್ಟರ್ ಹಾಸನ, ಹಾಸನ ಎಂದು ಕೂಗುತ್ತಿದ್ದ.

ದೀಪಶ್ರೀ ಪೆನ್ನಿನ ಮುಚ್ಚಳ ಹಾಕಿ ಗಾಜಿನ ಮೇಲಿಟ್ಟಳು. ಅದು ಉರುಳಿಕೊಂಡು ಹೋಗಿ ಆಲ್ಬಂಗೆ ತಾಗಿ ನಿಂತಿತು. ಅನಿಲ್‌ಕುಮಾರ್ ಪೆನ್ನನ್ನು ಆಚೆಗಿಟ್ಟು, ಆಲ್ಬಂ ತನ್ನ ಕಡೆ ತಿರುಗಿಸಿಕೊಂಡು, ಮೊದಲ ಹಾಳೆ ತೆರೆದ.