ಅಗಳಿ ಇದ್ದ ಕಡೆ

ಶಿಡ್ಲಘಟ್ಟದ ದಸ್ತಗಿರ್ ಸಾಬರಿಗೆ ಕಿವಿ ಕೇಳಿಸುವುದು ನಿಂತು ಬಹಳ ಕಾಲವಾಗಿತ್ತು. ಮೀಸೆ ಮೂಡುವ ಮೊದಲೇ ಅವರು ಲಾಲ್ ಬಾಷಾರ ರೇಷ್ಮೆ ಹುರಿ ಕಾರ್ಖಾನೆ ಸೇರಿದ್ದರು. ತಗಡಿನ ಶೆಡ್ಡಿನೊಳಗೆ ಗೋಡೆಯಿಂದ ಗೋಡೆಗೆ ಸಾಲು ಹಿಡಿದ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಗರಗುಟ್ಟುತ್ತಿದ್ದವು. ಮೊದಲು ಎಡಗಿವಿ ಹೋಯಿತು, ಆಮೇಲೆ ಬಲಗಿವಿ. ಕಿವಿಯ ಪಕ್ಕದಲ್ಲೇ ಪಟಾಕಿ ಸಿಡಿದರೂ ಅವರು ತಿರುಗಿ ನೋಡುತ್ತಿರಲಿಲ್ಲ.

ಹೆಂಡತಿ ಷಮೀಮ್ ಇದಕ್ಕೆ ಹೊಂದಿಕೊಂಡಿದ್ದಳು. ಮಾತಾಡಬೇಕಾದರೆ ಗಂಡನ ಎದುರು ಬಂದು ನಿಂತು, ತುಟಿಗಳನ್ನು ನಿಧಾನವಾಗಿ ಆಡಿಸುವಳು. ಅವರು ಬೆನ್ನು ಹಾಕಿದ್ದರೆ ಭುಜ ಮುಟ್ಟುವಳು. ದೀಪ ಆರಿದ ಮೇಲೆ ಅವರ ನಡುವೆ ಮಾತೇ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಕತ್ತಲೆಯಲ್ಲೇ ಹೆಚ್ಚು ಮಾತಾಡುತ್ತಿದ್ದೆವು ಎನ್ನುವುದು ಅವಳಿಗೆ ಒಮ್ಮೊಮ್ಮೆ ನೆನಪಾಗುತ್ತಿತ್ತು.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ದಸ್ತಗಿರ್ ಯಂತ್ರದ ಪಕ್ಕದಲ್ಲೇ ತಲೆ ಸುತ್ತಿ ಬಿದ್ದರು. ಚಿಕ್ಕಬಳ್ಳಾಪುರದ ಡಾಕ್ಟರು ಎದೆ, ನಾಡಿ ಎಲ್ಲ ನೋಡಿ, "ಕೆಲಸ ಸಾಕು ಮಾಡ್ಸಿ. ಸ್ವಲ್ಪ ದಿನ ಎಲ್ಲಾದ್ರೂ ಸದ್ದುಗದ್ದಲ ಇಲ್ಲದ ಜಾಗಕ್ಕೆ ಕರ್ಕೊಂಡು ಹೋಗಮ್ಮ" ಅಂದರು. ಷಮೀಮ್‌ಗೆ ಅಳುವ ಹೊತ್ತಿನಲ್ಲೂ ನಗು ಬಂತು. ತನ್ನ ಗಂಡನಿಗೆ ಸದ್ದು ಇರುವ ಜಾಗ ಎಲ್ಲಿದೆ?

ಸುದ್ದಿ ತಿಳಿದು ಸಾದಿಕ್ ಪಾಷಾ ಮನೆಗೆ ಬಂದ. ಅವನು ಲಾಲ್ ಬಾಷಾರ ಮಗ. ಚಿಕ್ಕವನಿದ್ದಾಗ ಕಾರ್ಖಾನೆಯ ಅಂಗಳದಲ್ಲಿ ದಸ್ತಗಿರ್ ಹೆಗಲ ಮೇಲೆ ಕೂತು ಆಡಿದವನು. ರೇಷ್ಮೆ ವ್ಯಾಪಾರ ಅವನಿಗೆ ಹಿಡಿಸಿರಲಿಲ್ಲ. ತೊಂಡೇಬಾವಿಯ ಆಚೆ, ಹುಣಸೆಕೋಟೆ ಎಂಬ ಹಾಳುಕೋಟೆಯ ಬುಡದಲ್ಲಿದ್ದ ಒಂದು ಹಳೆಯ ಬಂಗಲೆ ಕೊಂಡು, ಸುಣ್ಣ ಬಣ್ಣ ಮಾಡಿಸಿ ಹೋಟೆಲು ಮಾಡಿದ್ದ. ಬೆರಳೆಣಿಕೆಯ ಕೋಣೆಗಳು, ಹಿತ್ತಾಳೆ ದೀಪಗಳು, ನೇಯ್ದ ಮಂಚಗಳು. ಶನಿವಾರ ಬಂತೆಂದರೆ ಬೆಂಗಳೂರಿನವರು ಕಾರಿನಲ್ಲಿ ಬಂದು, ಕೋಟೆ ಹತ್ತಿ ಫೋಟೋ ತೆಗೆದು, ಬೇವಿನ ಮರದಡಿ ಮಲಗಿ ಹೋಗುತ್ತಿದ್ದರು.

"ಚಾಚಾ, ನಮ್ಮ ಹೋಟ್ಲಲ್ಲೇ ಅತ್ಯಂತ ಒಳ್ಳೇ ಕೋಣೆ ನಿಮಗೆ. ಎಷ್ಟು ದಿನ ಬೇಕಾದ್ರೂ ಇರಿ. ಕಾಸಿನ ಮಾತೇ ಎತ್ತಬೇಡಿ" ಎಂದು ಸಾದಿಕ್ ತುಟಿಯಾಡಿಸಿ ಹೇಳಿದ. ದಸ್ತಗಿರ್ ಅವನ ತಲೆ ಸವರಿದರು.

ಹೋಟೆಲಿನಲ್ಲಿ ಇಳಿದುಕೊಳ್ಳುವುದು ಗಂಡಹೆಂಡಿರಿಬ್ಬರಿಗೂ ಅದೇ ಮೊದಲು. ಮೊದಲ ದಿನ ಷಮೀಮ್ ಹಾಸಿಗೆಯ ಬಿಳಿ ಹೊದಿಕೆಯ ಮೇಲೆ ಕೂರಲು ಹೆದರಿ ನೆಲದ ಮೇಲೆ ಕೂತಳು. ಅಡುಗೆಯ ನಾರಾಯಣಮ್ಮ ತಟ್ಟೆಯಲ್ಲಿ ಚಹಾ ತಂದುಕೊಟ್ಟಾಗ, "ಅಯ್ಯೋ, ನಾನೇ ಮಾಡ್ಕೊಳ್ತೀನಿ ಬಿಡಮ್ಮ" ಎಂದು ಎದ್ದುಬಿಟ್ಟಳು. ದಸ್ತಗಿರ್ ಜೋರಾಗಿ ನಕ್ಕರು. ಅವರ ನಗು ಕೇಳಿ ಎಷ್ಟೋ ದಿನವಾಗಿತ್ತು.

ಅವರ ಕೋಣೆಯ ಹೆಗ್ಗಳಿಕೆ ಅದರ ಬಾಗಿಲು. ಆಳೆತ್ತರಕ್ಕಿಂತ ಎತ್ತರ, ಒಂಟಿ ಹಲಗೆಯೋ ಎನ್ನುವಷ್ಟು ದಪ್ಪ. ಅದರ ಮೇಲೆ ಹೂವು, ಗಿಳಿ, ಆನೆಗಳ ಕೆತ್ತನೆ. ನಡುವೆ ತೋಳಿನಷ್ಟು ದಪ್ಪನೆಯ ಕಬ್ಬಿಣದ ಅಗಳಿ. ಕೋಟೆಯ ಮೇಲೆ ನಿಂತಿದ್ದ ಬಾಗಿಲನ್ನು ಸಾದಿಕ್ ಟ್ರ್ಯಾಕ್ಟರಿನಲ್ಲಿ ಇಳಿಸಿ ತಂದಿದ್ದ. ಮಂಚದ ಮೇಲೆ ಒರಗಿದವರಿಗೆ ಕಾಣಲಿ ಎಂದು ಕೆತ್ತನೆಯ ಮುಖವನ್ನು ಕೋಣೆಯ ಒಳಕ್ಕೆ ಮಾಡಿ ಕೂಡಿಸಿದ್ದ.

ಸದ್ದು ಮೊದಲು ಕೇಳಿಸಿದ್ದು ಷಮೀಮ್‌ಗೆ. ಮರುದಿನ ಮಧ್ಯಾಹ್ನ, ಊಟವಾಗಿ, ಹೊರಗೆ ಬಿಸಿಲು ಬಿಳಿಚಿಕೊಂಡಿತ್ತು. ಧಗೆ ಬಾರದಿರಲೆಂದು ಬಾಗಿಲು ಮುಚ್ಚಿ ಅಗಳಿ ಹಾಕಿದ್ದಳು. ದಸ್ತಗಿರ್ ನಿದ್ದೆ ಹೋಗಿದ್ದರು. ಬಾಗಿಲ ಆಚೆಯಿಂದ ಒಂದು ಹೆಂಗಸಿನ ದನಿ ಬಂತು.

"ತಲುಪು ತೀಯಂಡಿ."

ಬಾಗಿಲು ತೆಗೆಯಿರಿ ಎನ್ನುತ್ತಿದ್ದಳು. ಆ ಕಡೆಯಲ್ಲಿ ತೆಲುಗು ಮಾತಾಡುವವರು ಮನೆಗೊಬ್ಬರು. ನಾರಾಯಣಮ್ಮನೇ ಇರಬೇಕೆಂದು ಷಮೀಮ್ ಎದ್ದು ಅಗಳಿ ಸರಿಸಿದಳು. ಜಗಲಿ ಖಾಲಿ. ಕಾಗದದ ಹೂವಿನ ಬಳ್ಳಿ ಅಲ್ಲಾಡದೆ ನಿಂತಿತ್ತು. ಅಡುಗೆಮನೆಯ ಕಡೆ ನಾರಾಯಣಮ್ಮನ ಗೊರಕೆ ಕೇಳುತ್ತಿತ್ತು. ಬಾಗಿಲು ಮುಚ್ಚಿ ಬಂದು ಕೂತಳು.

"ತಲುಪು ತೀಯಂಡಿ. ಎವರೈನಾ ಉನ್ನಾರಾ?"

ಕಿರುಚುವ ದನಿಯಲ್ಲ. ಕೂಗಿ ಕೂಗಿ ಗಂಟಲು ಒಣಗಿದ ಮೇಲೆ, ಯಾರಾದರೂ ಇದ್ದೀರಾ ಎಂದು ಮೆಲ್ಲಗೆ ಕೇಳುವ ದನಿ. ಷಮೀಮ್ ಎದ್ದಳು. ಮತ್ತೆ ತೆಗೆದಳು. ಮತ್ತೆ ಬರೀ ಬಿಸಿಲು. ಆ ಮಧ್ಯಾಹ್ನವಿಡೀ ಬಾಗಿಲನ್ನು ತೆರೆದೇ ಇಟ್ಟು, ಗಂಡನ ಕಾಲ ಬಳಿ ಕೂತು ಕಲಿಮಾ ಹೇಳಿಕೊಂಡಳು. ತೆರೆದಿರುವಷ್ಟು ಹೊತ್ತು ಯಾವ ದನಿಯೂ ಬರಲಿಲ್ಲ.

ಗಂಡನಿಗೆ ಹೇಳಲಿಲ್ಲ. ಬಹಳ ದಿನದ ಮೇಲೆ ಅವರ ಮುಖಕ್ಕೆ ಕಳೆ ಬಂದಿತ್ತು. ಬೇವಿನ ಮರದಡಿ ಕೂತು ನಾರಾಯಣಮ್ಮ ಮಾಡಿದ ಅವರೆಕಾಳಿನ ಸಾರು, ಮುದ್ದೆ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಕೇಳಿಸದವರಿಗೆ ಹೇಳಿ ಯಾಕೆ ಹೆದರಿಸಬೇಕು ಎಂದುಕೊಂಡಳು.

ಆದರೆ ಮುಂದಿನ ಮಧ್ಯಾಹ್ನ ಅವಳು ಬಟ್ಟೆ ಒಣಹಾಕಿ ಬಂದು, ಧಗೆಗೆಂದು ಅವರು ಮುಚ್ಚಿಕೊಂಡಿದ್ದ ಬಾಗಿಲನ್ನು ತಳ್ಳಿದರೆ, ದಸ್ತಗಿರ್ ಕೋಣೆಯ ನಡುವೆ ಎದ್ದು ನಿಂತಿದ್ದರು. ಮುಖ ಬಿಳುಪೇರಿತ್ತು.

"ಷಮೀಮ್, ಯಾರೋ ಕರೀತಾ ಇದ್ರು."

ಅವಳು ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟಳು.

"ಯಾರೋ ಹೆಂಗಸು. ಬಾಗ್ಲು ತೆಗೀರಿ ಅಂದಳು. ತೆಲುಗಲ್ಲಿ. ನನಗೆ ಕೇಳ್ಸ್ತು ಕಣೇ! ನಿನ್ನಾಣೆಗೂ ಕೇಳ್ಸ್ತು!" ಎಂದು ಎರಡೂ ಕೈಯಿಂದ ಕಿವಿ ಮುಟ್ಟಿಕೊಂಡರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಹೆದರಿಕೆಯ ನೀರಲ್ಲ ಅದು.

ಷಮೀಮ್ ಓಡಿಹೋಗಿ ಅವರ ಬೆನ್ನ ಹಿಂದೆ ನಿಂತು ಗಟ್ಟಿಯಾಗಿ ಹೆಸರು ಕೂಗಿದಳು. ಅವರು ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಿದಳು. ಅವರು ಬಾಗಿಲನ್ನೇ ನೋಡುತ್ತಿದ್ದರು.

ಅವಳು ಅಡುಗೆಮನೆಗೆ ಹೋಗಿ ನಾರಾಯಣಮ್ಮನ ಕೈ ಹಿಡಿದು ಕೂರಿಸಿದಳು. ಕೋಟೆಯ ಬುಡದ ಹಟ್ಟಿಯಲ್ಲೇ ಹುಟ್ಟಿ ಬೆಳೆದ ನಾರಾಯಣಮ್ಮ ಮೊದಲು ಏನೂ ಇಲ್ಲ ಅಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು.

"ನಮ್ಮೋರು ಕೋಟೆ ಕಲ್ಲು ತಂದು ಮನೆ ಕಟ್ಟವ್ರೆ, ದನದ ಕೊಟ್ಗೆ ಕಟ್ಟವ್ರೆ. ಆ ಕಣಜದ ಬಾಗ್ಲು ಮಾತ್ರ ಯಾರೂ ಮುಟ್ಟಿರ್ಲಿಲ್ಲ ಕಣಮ್ಮ. ಪಾಳೇಗಾರನ ಕಾಲ್ದಾಗೆ ದಂಡು ಬಂದಾಗ, ಮನೆ ಹೆಂಗಸ್ರು ಮಕ್ಳುನ್ನೆಲ್ಲ ಕಣಜದೊಳಗೆ ಕೂಡಿ, ಹೊರಗ್ನಿಂದ ಅಗಳಿ ಹಾಕುದ್ರಂತೆ. ದಂಡಿನ ಕೈಗೆ ಸಿಗಬಾರ್ದು ಅಂತ. ಅಗಳಿ ಹಾಕ್ದೋರು ಕೋಟೆ ಗೋಡೆ ಮೇಲೆ ಕಾದಾಡ್ತಾ ಸತ್ರು. ಒಳಗಿರೋದು ಬೇರೆ ಯಾರಿಗೂ ಗೊತ್ತಿರ್ಲಿಲ್ಲ. ತೆಗೆಯೋರೇ ಇಲ್ಲ."

ಷಮೀಮ್ ಎದ್ದು ಬಂದು ಬಾಗಿಲನ್ನು ನೋಡಿದಳು. ಹೂವು, ಗಿಳಿ, ಆನೆ, ಅಗಳಿ. ಹೊರಗಿರಬೇಕಾದ ಅಗಳಿ ಕೋಣೆಯ ಒಳಗಿತ್ತು. ಹಾಗಾದರೆ ತಾವು ಮಲಗುತ್ತಿದ್ದದ್ದು ಅಗಳಿ ಹಾಕಿದವರು ನಿಂತಿದ್ದ ಕಡೆ. ಜಗಲಿ, ಬಿಸಿಲು, ಬೇವಿನ ಮರ ಎಲ್ಲವೂ ಕಣಜದ ಕಡೆ.

ಸಂಜೆ ಸಾದಿಕ್ ಬಂದಾಗ ಅವಳು ಸುತ್ತುಬಳಸದೆ ಕೇಳಿದಳು. "ನಿನಗೆ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "ಆ ಕೋಣೇಲಿ ಯಾರೂ ಒಂದು ದಿನಕ್ಕಿಂತ ಹೆಚ್ಚು ನಿಲ್ತಿರ್ಲಿಲ್ಲ ಚಾಚಿ. ಬಾಯಿಂದ ಬಾಯಿಗೆ ಸುದ್ದಿ ಹರಡ್ತಾ ಇತ್ತು. ಯಾರಾದ್ರೂ ಸುಖವಾಗಿ ಇದ್ದು ಹೋದ್ರೆ ಮಾತು ನಿಲ್ತದೆ ಅನ್ಕೊಂಡೆ."

"ಅದಕ್ಕೆ ನಮ್ಮನ್ನ ಕರೆದ್ಯಾ?"

"ಚಾಚಾಗೆ ಕೇಳ್ಸಲ್ವಲ್ಲ, ನಿಮಗೆ ಕೇಳ್ಸಿದ್ರೂ ಯಾರ ಹತ್ರಾನೂ ಹೇಳಲ್ಲ ಅಂತ…"

ಅವಳು ಅವನ ಕೆನ್ನೆಗೆ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ಇಳಿಯಿತು. "ನಾಳೆ ಬೆಳಗ್ಗೆ ಬಸ್ಸಿಗೆ ಹೋಗ್ತೀವಿ" ಅಂದಳು.

ಬೆಳಿಗ್ಗೆ ದಸ್ತಗಿರ್ ಹೊರಡಲಿಲ್ಲ. ಮೈಗೆ ಹುಷಾರಿಲ್ಲ ಅಂದರು. ಇನ್ನೊಂದು ದಿನ ಅಂದರು. ಷಮೀಮ್ ಬಾಗಿಲಿಗೆ ಕಲ್ಲು ಒತ್ತುಕೊಟ್ಟು ತೆರೆದಿಡುತ್ತಿದ್ದಳು. ಅವಳು ಆಚೆ ಹೋಗಿ ಬರುವಷ್ಟರಲ್ಲಿ ಕಲ್ಲು ಪಕ್ಕಕ್ಕೆ ಸರಿದಿರುತ್ತಿತ್ತು. ಅವರು ಊಟ ಕಡಿಮೆ ಮಾಡಿದರು. ಬೇವಿನ ಮರದ ಕಡೆ ಹೋಗುವುದನ್ನೇ ಬಿಟ್ಟರು. ಅವಳು ಎದುರು ನಿಂತು ತುಟಿಯಾಡಿಸಿದರೆ ಅವರ ಕಣ್ಣು ಅವಳ ಭುಜದ ಆಚೆಗೆ ಜಾರುತ್ತಿತ್ತು. ಇಷ್ಟು ವರ್ಷ ತನ್ನ ತುಟಿಯನ್ನೇ ನೋಡಿ ಬದುಕಿದ ಗಂಡಸು ಈಗ ತನ್ನ ಮುಖವನ್ನೇ ನೋಡುತ್ತಿಲ್ಲ ಎಂದು ಅವಳಿಗೆ ಹೊಟ್ಟೆ ಉರಿಯಿತು. ದೆವ್ವದ ಮೇಲೆ ಸವತಿಯ ಮೇಲೆ ಬರುವ ಸಿಟ್ಟು ಬಂದಿದೆಯಲ್ಲ ಎಂದು ನಾಚಿಕೆಯೂ ಆಯಿತು.

ಒಂದು ಮಧ್ಯಾಹ್ನ ಅವಳು ಬಾವಿಯ ಕಡೆಯಿಂದ ಬಂದು ಹಿಂದಿನ ಕಿಟಕಿಯಿಂದ ಒಳಗೆ ಇಣುಕಿದಳು. ದಸ್ತಗಿರ್ ಬಾಗಿಲ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಅಗಳಿ ಬಿಗಿಯಾಗಿ ಹಾಕಿತ್ತು. ಕಣ್ಣು ಮುಚ್ಚಿ, ಹಳೆಯ ರೇಡಿಯೋ ಕೇಳುವವರ ಹಾಗೆ ತಲೆ ಒಂದಿಷ್ಟು ವಾಲಿಸಿದ್ದರು. ಮುಖದಲ್ಲಿ ನೆಮ್ಮದಿ ಇತ್ತು.

ಬಾಗಿಲ ಆಚೆಯ ದನಿ ಅವಳಿಗೂ ಕೇಳಿಸುತ್ತಿತ್ತು. "ಪಿಲ್ಲಲು ಉನ್ನಾರು. ಪಿಲ್ಲಲು ಉನ್ನಾರಂಡಿ."

ಮಕ್ಕಳಿದ್ದಾರೆ, ಮಕ್ಕಳಿದ್ದಾರೆ ಎನ್ನುತ್ತಿದ್ದಳು. ಅದರ ಹಿಂದೆ ಉಗುರಿನಿಂದ ಮರ ಕೆರೆಯುವ ಸದ್ದು, ನೆಲಕ್ಕೆ ಬಹಳ ಹತ್ತಿರದಿಂದ.

ಷಮೀಮ್‌ಗೆ ಹೆದರಿಕೆ ಎಲ್ಲಿ ಹೋಯಿತೋ. ಸುತ್ತಿ ಬಂದು ಜಗಲಿ ಹತ್ತಿದಳು. ಅಲ್ಲಿ ಯಾರೂ ಇರಲಿಲ್ಲ, ಕಾಲಿಗೆ ಮಾತ್ರ ಮಂಜಿನಂಥ ತಂಪು ತಾಗಿತು. ಅವಳು ಬಾಗಿಲಿಗೆ ಎರಡೂ ಅಂಗೈಯಿಂದ ಬಡಿದಳು. ಒಳಗಿನಿಂದ ಅಗಳಿ ಸರಿಯಲಿಲ್ಲ. ತನ್ನ ಕೂಗು ಅವರಿಗೆ ಕೇಳಿಸುವುದಿಲ್ಲ. ಬಡಿದು ಬಡಿದು ಕೈ ಊದಿದ ಮೇಲೆ, ಹಲಗೆಯ ಅದುರು ಮೈಗೆ ತಟ್ಟಿಯೋ ಏನೋ, ಅವರು ಎದ್ದು ತೆಗೆದರು.

ಅವಳು ಅವರ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಏನ್ ಹೇಳ್ತಾ ಇದಾಳೆ ಅವಳು? ಕೇಳ್ಸ್ತಾ ಇದೆಯಲ್ಲ, ಹೇಳಿ."

"ಮಕ್ಕಳಿದಾರೆ ಅಂತ."

"ಮತ್ತೆ?"

"ಬಾಗ್ಲು ತೆಗೀರಿ ಅಂತ."

"ನೀವು ಏನ್ ಮಾಡ್ತಾ ಇದೀರಿ?"

ಅವರ ಕೈ ಇನ್ನೂ ಅಗಳಿಯ ಮೇಲೇ ಇತ್ತು.

"ಅವಳು ತೆಗೀರಿ ತೆಗೀರಿ ಅಂತ ಬೇಡ್ಕೊಳ್ಳೋದನ್ನ ಕೇಳೋಕೆ ನೀವು ಅಗಳಿ ಹಾಕ್ಕೊಂಡು ಕೂತಿದೀರಿ. ದಿನಾ ಅವಳನ್ನ ಹೊಸದಾಗಿ ಕೂಡ್ತಾ ಇದೀರಿ. ಮಕ್ಕಳ ಸಮೇತ."

ಅವಳ ತುಟಿಗಳನ್ನು ಅವರು ಪೂರ್ತಿ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಕುಸಿಯಿತು. ಅಗಳಿಯ ಮೇಲಿದ್ದ ಕೈಯನ್ನು, ಬಿಸಿ ಮುಟ್ಟಿದವರ ಹಾಗೆ, ಹಿಂದಕ್ಕೆ ತೆಗೆದುಕೊಂಡರು. ಹೊಸ್ತಿಲ ಮೇಲೆ ಕುಸಿದು ಕೂತರು.

"ನಂಗೆ ಬೇರೇನೂ ಕೇಳ್ಸಲ್ಲ ಕಣೇ" ಅಂದರು. "ನಿನ್ನ ದನಿ ಹೆಂಗಿತ್ತು ಅನ್ನೋದೂ ಮರ್ತೋಗಿದೆ."

ಷಮೀಮ್ ಅವರ ಪಕ್ಕದಲ್ಲೇ ಕೂತಳು.

ಬಾಗಿಲು ಬಿಚ್ಚಿಸಬೇಕು ಎಂದು ಸಾದಿಕ್‌ನಿಗೆ ಹೇಳಿದವರು ದಸ್ತಗಿರ್ ಅವರೇ. ಅವನು ಹೂಂ ಅಂದ. ಬೆಳಗಿನ ತಂಪಿನಲ್ಲೇ ಗೌರಿಬಿದನೂರಿನಿಂದ ಬಡಗಿ ಕೋನಪ್ಪ ಬಂದು ಬಾಗಿಲು ಕಳಚಿದ. ಟ್ರ್ಯಾಕ್ಟರು ಹೋಗುವಷ್ಟು ದೂರ ಹೋಗಿ, ಅಲ್ಲಿಂದ ಹಟ್ಟಿಯ ಗಂಡಸರು ಹೊತ್ತರು. ದಸ್ತಗಿರ್ ಬೇಡವೆಂದರೂ ಕೇಳದೆ ಒಂದು ಮೂಲೆಗೆ ಭುಜ ಕೊಟ್ಟರು. ಷಮೀಮ್, ನಾರಾಯಣಮ್ಮ ಹಿಂದೆ ಹತ್ತಿದರು.

ಕಣಜದ ಮಾಡು ಎಂದೋ ಬಿದ್ದುಹೋಗಿತ್ತು. ಒಳಗೆ ಸೀತಾಫಲದ ಗಿಡಗಳು ಬೆಳೆದಿದ್ದವು. ಕಲ್ಲಿನ ದ್ವಾರಬಂಧ ಮಾತ್ರ ನಿಂತಿತ್ತು.

"ಇದ್ದ ಹಾಗೇ ಕೂಡಿಸ್ಲಾ?" ಎಂದು ಕೋನಪ್ಪ ಕೇಳಿದ.

"ಬೇಡಪ್ಪ" ಅಂದಳು ಷಮೀಮ್. "ಅಗಳಿ ಕಿತ್ತುಬಿಡು. ಬಾಗ್ಲನ್ನ ಹೊರಗಡೆ ನೆಲಕ್ಕೆ ಮಲಗ್ಸಿ."

ಕೋನಪ್ಪ ಸುತ್ತಿಗೆ ಹಿಡಿದು ಅಗಳಿ ಬಿಡಿಸಿದ. ಕೀಲುಗಳು ಒಂದೊಂದಾಗಿ ಕಲ್ಲಿನ ಮೇಲೆ ಬಿದ್ದವು. ಬಾಗಿಲನ್ನು ಬಯಲಿಗೆ ಮಲಗಿಸಿದರು. ಹೂವು, ಗಿಳಿ, ಆನೆಗಳು ಆಕಾಶಕ್ಕೆ ಮುಖಮಾಡಿದವು. ನಾರಾಯಣಮ್ಮ ಒಂದು ಚೊಂಬು ನೀರನ್ನು ಕಣಜದ ಒಳಗೆ ಚೆಲ್ಲಿ ಕೈಮುಗಿದಳು. ಆಮೇಲೆ ಅವಳೂ ಕೋನಪ್ಪನೂ ಹೊತ್ತವರೂ ಇಳಿದುಹೋದರು. ಸಾದಿಕ್ ಅಗಳಿಯನ್ನು ಗೋಡೆಯಾಚೆಯ ಕಮರಿಗೆ ಎಸೆದು, ಚಾಚಾನ ಮುಖ ನೋಡಲಾರದೆ ಹೊತ್ತವರ ಹಿಂದೆಯೇ ಹೋದ.

ದಸ್ತಗಿರ್ ಮಂಡಿಯೂರಿ ಹಲಗೆಗೆ ಕಿವಿ ಇಟ್ಟರು. ಷಮೀಮ್ ತಡೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿ, "ಇಲ್ಲ" ಅಂದರು. ಮತ್ತೆ ಕಿವಿ ಇಟ್ಟರು. "ಏನೂ ಇಲ್ಲ." ಎದ್ದು, ಮೊಣಕಾಲಿನ ಮಣ್ಣು ಒರೆಸಿಕೊಂಡು, ಇಳಿಜಾರಿನ ಕಡೆ ನಡೆದರು. ಬೆನ್ನು ಬಾಗಿತ್ತು. ಆಸ್ಪತ್ರೆಯಿಂದ ಬಂದ ದಿನವೂ ಅವರು ಅಷ್ಟು ಮುದುಕರಾಗಿ ಕಂಡಿರಲಿಲ್ಲ.

ಷಮೀಮ್ ಚಪ್ಪಲಿ ಮೆಟ್ಟಲು ದ್ವಾರದ ಬಳಿ ಬಗ್ಗಿದಳು. ಆಗ ಅವಳ ಬೆನ್ನ ಹಿಂದೆ, ಕಣಜದ ಒಳಗಿನಿಂದ, ಕಾಲ್ಸದ್ದು ಬಂತು. ಬರಿಗಾಲು. ಮೊದಲು ಒಂದು, ನಿಧಾನ. ಆಮೇಲೆ ಹಲವು, ಗಡಿಬಿಡಿಯಲ್ಲಿ. ಸೀರೆಯ ನಿರಿಗೆಗಳು ಅವಳ ತೋಳಿಗೆ ಸವರಿಕೊಂಡು ಹೋದ ಹಾಗಾಯಿತು. ಯಾವುದೋ ಮಗು ಎಡವಿ, ಅವಳ ಸೆರಗು ಹಿಡಿದು ಸಾವರಿಸಿಕೊಂಡು, ಬಿಟ್ಟು ಓಡಿತು. ಗಾಳಿ ಇರಲಿಲ್ಲ, ಒಣಹುಲ್ಲು ಮಾತ್ರ ಒಂದು ದಾರಿಯುದ್ದಕ್ಕೂ ಬಾಗುತ್ತಾ ಹೋಯಿತು, ಗುಡ್ಡದ ಕೆಳಗೆ, ಕೆರೆಯ ನೀರಿನ ಕಡೆಗೆ. ಅವಳು ಉಸಿರು ಬಿಗಿಹಿಡಿದು ಎಲ್ಲರೂ ದಾಟಿಹೋಗುವವರೆಗೆ ಹಾಗೇ ಬಗ್ಗಿ ನಿಂತಳು.

ಆ ಗುಂಪು ದಸ್ತಗಿರ್ ಅವರ ಪಕ್ಕದಲ್ಲೇ ಹಾದುಹೋಯಿತು. ಅವರು ತಿರುಗಿ ನೋಡಲಿಲ್ಲ.

ಷಮೀಮ್ ಬೇಗ ಬೇಗ ಇಳಿದು ಅವರನ್ನು ಸೇರಿ ಭುಜ ಮುಟ್ಟಿದಳು. ಅವರು ನಿಂತರು. ಹೇಳಬೇಕೋ ಬೇಡವೋ ಎಂದು ಅವಳಿಗೆ ತೋಚಲಿಲ್ಲ. ಆಮೇಲೆ ಅವರೆದುರು ಬಂದು ನಿಂತು, ತುಟಿಗಳನ್ನು ನಿಧಾನವಾಗಿ ಆಡಿಸಿದಳು.

"ಹೋದ್ರು. ಎಲ್ಲರೂ."

"ಮಕ್ಕಳು?"

"ಮಕ್ಕಳೂ."

ಅವರು ತಲೆಯಾಡಿಸಿದರು. ಖಾಲಿ ಇಳಿಜಾರನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಲ್ಲು ಜಾರೀತೆಂದು ಅವಳ ಕೈಗೆ ತಮ್ಮ ಕೈ ಕೊಟ್ಟರು, ಇಬ್ಬರೂ ಇಳಿಯತೊಡಗಿದರು.